ಜೀವಕೋಶದ ಆಮ್ಲತೆ ಮತ್ತು ಮೂತ್ರಪಿಂಡದಲ್ಲಿ ಹಾರ್ಮೋನುಗಳ ಕಾರ್ಯ
(ರಾಯಚೂರು ಜಿಲ್ಲೆಯ ಫ್ಲೋರೈಡ್ ನೀರಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ)

1. ಪೀಠಿಕೆ

ರಾಯಚೂರು ದೋಆಬು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಮಿ. ಆದರೂ ಇಲ್ಲಿನ ಒಳನಾಡಿನ ಹಳ್ಳಿಗಳು ಕುಡಿಯುವ ನೀರಿಗಾಗಿ ಬಹುಕಾಲ ತೆರೆದ ಬಾವಿಗಳನ್ನೂ, ಅನಂತರದ ದಶಕಗಳಲ್ಲಿ ಕೊಳವೆಬಾವಿಗಳನ್ನೂ ಆಶ್ರಯಿಸಿಕೊಂಡು ಬಂದಿವೆ. ಈ ಪ್ರದೇಶದ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಶಿಲೆ. ಅದರ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಶಿಲೆಯಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮಾನ್ವಿ ಮತ್ತು ದೇವದುರ್ಗ ತಾಲ್ಲೂಕುಗಳೂ ಸೇರಿದಂತೆ ಜಿಲ್ಲೆಯ ಹಲವು ಕಡೆಗಳ ಅಂತರ್ಜಲದಲ್ಲಿ ಫ್ಲೋರೈಡಿನ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ದಾಟುವ ಈ ಸೀಮೆಯಲ್ಲಿ ಹೊಲದಲ್ಲಿ ದುಡಿಯುವವರು ಕುಡಿಯುವ ನೀರಿನ ಪ್ರಮಾಣ ಹೆಚ್ಚು; ಆದಕಾರಣ ದೇಹವನ್ನು ಸೇರುವ ಫ್ಲೋರೈಡೂ ಹೆಚ್ಚು.

ಹೀಗೆ ದೇಹವನ್ನು ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ಅಂಗವೆಂದರೆ ಮೂತ್ರಪಿಂಡ. ಹಲ್ಲಿನ ಕಲೆಯನ್ನೂ ಎಲುಬಿನ ವಿಕಾರವನ್ನೂ ಕುರಿತು ನಮ್ಮಲ್ಲಿ ಸಾಕಷ್ಟು ಬರೆಹ ಬಂದಿದೆ; ಮೂತ್ರಪಿಂಡದ ಕೋಶಗಳ ಪಾತ್ರವನ್ನು ಕುರಿತು ಬಂದಿರುವುದು ಅಲ್ಪ. ಈ ಕೋಶಗಳು ಸ್ವತಂತ್ರವಾಗಿ ಕೆಲಸಮಾಡುವುವಲ್ಲ. ಅವು ಪ್ಯಾರಾಥೈರಾಯ್ಡ್ ಹಾರ್ಮೋನು, ವ್ಯಾಸೊಪ್ರೆಸಿನ್, ಆಲ್ಡೊಸ್ಟಿರೋನ್ ಮೊದಲಾದ ಅಂತಃಸ್ರಾವಗಳ ಆಜ್ಞೆಗೆ ಒಳಪಟ್ಟಿವೆ. ಆದರೆ ಆಜ್ಞೆ ಬಂದ ಮಾತ್ರಕ್ಕೆ ಅದು ನೆರವೇರುವುದೆಂದಿಲ್ಲ. ಕೋಶದ ಒಳಗೂ ಹೊರಗೂ ಇರುವ ಆಮ್ಲತೆಯು ಆ ಆಜ್ಞೆಯನ್ನು ಬಲಪಡಿಸಬಲ್ಲುದು, ಕುಗ್ಗಿಸಬಲ್ಲುದು, ಅದು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನೂ ನಿರ್ಣಯಿಸಬಲ್ಲುದು. ಈ ಸಂಬಂಧವನ್ನು ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸಿ, ಅದನ್ನು ನಮ್ಮ ಜಿಲ್ಲೆಯ ಸಮಸ್ಯೆಗೆ ಅನ್ವಯಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

2. ಆಮ್ಲತೆಯ ಅಳತೆ

ದ್ರಾವಣದಲ್ಲಿರುವ ಹೈಡ್ರೊಜನ್ ಅಯಾನುಗಳ ಸಾರತೆಯನ್ನು ಸೂಚಿಸಲು ಡೆನ್ಮಾರ್ಕಿನ ಸೊರೆನ್ಸನ್ 1909ರಲ್ಲಿ ಪಿ.ಎಚ್. ಎಂಬ ಮಾನವನ್ನು ಬಳಕೆಗೆ ತಂದನು. ಇದು ಘಾತಾಂಕದ ಮಾನವಾದುದರಿಂದ ಅಂಕಿಯಲ್ಲಿ ತೋರುವ ಅಲ್ಪ ವ್ಯತ್ಯಾಸವು ವಸ್ತುತಃ ದೊಡ್ಡ ವ್ಯತ್ಯಾಸವೆಂಬುದನ್ನು ವಿದ್ಯಾರ್ಥಿಗಳು ಸದಾ ನೆನಪಿನಲ್ಲಿಡಬೇಕು. ಅಪಧಮನಿಯ ರಕ್ತದ ಪಿ.ಎಚ್. ಸುಮಾರು 7.4, ಎಂದರೆ ಲೀಟರಿಗೆ 40 ನ್ಯಾನೊಮೋಲ್ ಹೈಡ್ರೊಜನ್ ಅಯಾನು. ಪಿ.ಎಚ್. 7.1ಕ್ಕೆ ಇಳಿದರೆ ಈ ಸಾರತೆ 80 ನ್ಯಾನೊಮೋಲಿಗೆ ಏರುತ್ತದೆ. ಅಂಕಿಯಲ್ಲಿ 0.3ರಷ್ಟು ಇಳಿದುದು ಆಮ್ಲತೆಯಲ್ಲಿ ಇಮ್ಮಡಿಯಾದಂತಾಯಿತು.

ಜೀವಕೋಶದ ಒಳಗೆ ಎಲ್ಲೆಡೆಯೂ ಒಂದೇ ಆಮ್ಲತೆ ಇರುವುದಿಲ್ಲ. ಕೋಶರಸದ ಪಿ.ಎಚ್. ಸಾಮಾನ್ಯವಾಗಿ 7.2ರ ಆಸುಪಾಸಿನಲ್ಲಿರುತ್ತದೆ. ಕೋಶವು ಹೊರಗಿನ ವಸ್ತುಗಳನ್ನು ತನ್ನ ಪೊರೆಯಲ್ಲಿ ಸುತ್ತಿ ಒಳಗೆಳೆದುಕೊಂಡಾಗ ಉಂಟಾಗುವ ಚಿಕ್ಕ ಚೀಲಗಳಿಗೆ ಎಂಡೊಸೋಮುಗಳೆಂದು ಹೆಸರು. ಇವುಗಳೊಳಗೆ ಪಿ.ಎಚ್. 6.5ರಿಂದ ಕೆಳಕ್ಕೆ ಇಳಿಯುತ್ತ ಹೋಗಿ, ಜೀರ್ಣಕಾರ್ಯ ನಡೆಸುವ ಲೈಸೊಸೋಮುಗಳಲ್ಲಿ 5ಕ್ಕಿಂತ ಕಡಿಮೆಯಾಗುತ್ತದೆ. ಆಮ್ಲತೆಯನ್ನು ಕುರಿತು ಮಾತನಾಡುವಾಗ ಯಾವ ಕೋಣೆಯ ಆಮ್ಲತೆ ಎಂಬುದನ್ನು ಹೇಳದಿದ್ದರೆ ಮಾತು ಅಸ್ಪಷ್ಟವಾಗುತ್ತದೆ.

ಮೂತ್ರಪಿಂಡದ ಮೇಲಿರುವ ಹೊಣೆ ಸಾಮಾನ್ಯವಾದುದಲ್ಲ. ವಯಸ್ಕರೊಬ್ಬರ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಲೀಟರಿಗೆ 24 ಮಿಲಿಮೋಲಿನಂತೆ ಇದರಲ್ಲಿ 4,300ಕ್ಕೂ ಹೆಚ್ಚು ಮಿಲಿಮೋಲ್ ಬೈಕಾರ್ಬೊನೇಟ್ ಇರುತ್ತದೆ. ಇದನ್ನೆಲ್ಲ ಮರಳಿ ಪಡೆದುಕೊಳ್ಳದಿದ್ದರೆ ದೇಹದ ಕ್ಷಾರಸಂಚಯ ಒಂದು ದಿನದೊಳಗೆ ಬರಿದಾಗುವುದು. ಅಲ್ಲದೆ, ಆಹಾರದ ಪ್ರೋಟೀನುಗಳು ದಹಿಸಿದಾಗ ಉಳಿಯುವ ಸಲ್ಫ್ಯೂರಿಕ್ ಮೊದಲಾದ, ಶ್ವಾಸದಲ್ಲಿ ಹೊರಹೋಗಲಾರದ ಆಮ್ಲಗಳು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು ಒಂದು ಮಿಲಿಮೋಲಿನಷ್ಟು ಸಂಗ್ರಹವಾಗುತ್ತವೆ. ಅವನ್ನು ಫಾಸ್ಫೇಟ್ ಮತ್ತು ಅಮೋನಿಯಮ್ ರೂಪದಲ್ಲಿ ಮೂತ್ರದೊಡನೆ ಕಳಿಸುವುದೂ ಇದೇ ಅಂಗದ ಕೆಲಸ. ಮೂತ್ರದ ಪಿ.ಎಚ್. 4.5ರವರೆಗೆ ಇಳಿಯಬಲ್ಲುದು, ಆಗ ಅದರ ಹೈಡ್ರೊಜನ್ ಅಯಾನುಗಳ ಸಾರತೆ ರಕ್ತದಲ್ಲಿರುವುದರ ಸುಮಾರು 800 ಮಡಿ. ನಾಳದ ಒಂದು ಮಗ್ಗುಲಲ್ಲಿ ಇಂಥ ದ್ರವವನ್ನೂ ಇನ್ನೊಂದು ಮಗ್ಗುಲಲ್ಲಿ ರಕ್ತವನ್ನೂ ಇಟ್ಟುಕೊಂಡು ಬದುಕುವ ಕೋಶಗಳು ಆಮ್ಲತೆಯ ವಿಷಯದಲ್ಲಿ ಸೂಕ್ಷ್ಮಗ್ರಾಹಿಗಳಾಗಿರುವುದು ಸಹಜವಾಗಿಯೇ ಇದೆ.

3. ಹಾರ್ಮೋನಿನ ಸಂದೇಶ ಸಾಗುವ ದಾರಿ

ಪ್ಯಾರಾಥೈರಾಯ್ಡ್ ಹಾರ್ಮೋನು 84 ಅಮೈನೋ ಆಮ್ಲಗಳ ಒಂದು ಸರಪಣಿ. ಕತ್ತಿನಲ್ಲಿ ಥೈರಾಯ್ಡಿನ ಹಿಂಬದಿಗಿರುವ ಚಿಕ್ಕ ಗ್ರಂಥಿಗಳು ರಕ್ತದ ಕ್ಯಾಲ್ಸಿಯಮ್ ಕಡಮೆಯಾದೊಡನೆ ಇದನ್ನು ಸ್ರವಿಸುತ್ತವೆ. ಇದು ಮೂತ್ರಪಿಂಡದ ಕೋಶದೊಳಕ್ಕೆ ನೇರವಾಗಿ ನುಗ್ಗಿ ಕೆಲಸಮಾಡುವುದಿಲ್ಲ. ಕೋಶದ ಪೊರೆಯಲ್ಲಿ ಹುದುಗಿರುವ ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಗ್ರಾಹಕದ ಆಕಾರ ಬದಲಾಗಿ, ಪೊರೆಯ ಒಳಮೈಯಲ್ಲಿರುವ ಜಿ-ಪ್ರೋಟೀನು ಚುರುಕಾಗುತ್ತದೆ. ಅದು ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಪ್ರಚೋದಿಸಿದಾಗ ಚಕ್ರೀಯ ಎ.ಎಂ.ಪಿ. ಎಂಬ ಸಣ್ಣ ಅಣು ಕೋಶದೊಳಗೆ ಉತ್ಪತ್ತಿಯಾಗುತ್ತದೆ. ಅಮೆರಿಕದ ಸದರ್ಲೆಂಡ್ 1950ರ ದಶಕದ ಕೊನೆಯಲ್ಲಿ ಕಂಡುಹಿಡಿದ ಈ ಅಣುವಿಗೆ ‘ದ್ವಿತೀಯ ದೂತ’ ಎಂಬ ಹೆಸರು ಬಂದಿತು. ಆತನಿಗೆ 1971ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಕೊಟ್ಟೊಡನೆ ಮೂತ್ರದಲ್ಲಿ ಚಕ್ರೀಯ ಎ.ಎಂ.ಪಿ. ಹೆಚ್ಚುವುದನ್ನು ಚೇಸ್ ಮತ್ತು ಆರ್ಬಾಕ್ ಎಂಬವರು 1967ರಲ್ಲಿ ತೋರಿಸಿಕೊಟ್ಟರು.

ಈ ಹಾರ್ಮೋನಿನಿಂದ ಮೂತ್ರಪಿಂಡದಲ್ಲಿ ಆಗುವ ಮುಖ್ಯ ಕಾರ್ಯಗಳು ನಾಲ್ಕು. ನಾಳದ ಮೊದಲ ಭಾಗದಲ್ಲಿ ಫಾಸ್ಫೇಟನ್ನು ಮರಳಿ ಹೀರುವ ಪ್ರೋಟೀನುಗಳು ಪೊರೆಯಿಂದ ಒಳಕ್ಕೆ ಸೆಳೆಯಲ್ಪಡುತ್ತವೆ. ಅದರಿಂದ ಫಾಸ್ಫೇಟ್ ಮೂತ್ರದೊಡನೆ ಹೋಗುತ್ತದೆ. ಅದೇ ಭಾಗದಲ್ಲಿ ಸೋಡಿಯಮ್ಮಿಗೆ ಬದಲಾಗಿ ಹೈಡ್ರೊಜನ್ ಅಯಾನನ್ನು ಹೊರನೂಕುವ ವಿನಿಮಯಕಾರಿಯು ಮಂದವಾಗುತ್ತದೆ. ವಿಟಮಿನ್ ಡಿಯನ್ನು ಕ್ರಿಯಾಶೀಲ ರೂಪಕ್ಕೆ ತರುವ ಕಿಣ್ವ ಚುರುಕಾಗುತ್ತದೆ. ನಾಳದ ಕೊನೆಯ ಭಾಗದಲ್ಲಿ ಕ್ಯಾಲ್ಸಿಯಮ್ಮಿನ ಮರುಹೀರಿಕೆ ಹೆಚ್ಚುತ್ತದೆ. ಈ ನಾಲ್ಕರಲ್ಲಿ ಎರಡನೆಯದು ನೇರವಾಗಿ ಆಮ್ಲಕ್ಕೆ ಸಂಬಂಧಿಸಿದುದು. ಮೊದಲನೆಯದು ಪರೋಕ್ಷವಾಗಿ ಸಂಬಂಧಿಸಿದುದು. ಏಕೆಂದರೆ ಮೂತ್ರದಲ್ಲಿ ಆಮ್ಲವನ್ನು ಹೊತ್ತೊಯ್ಯುವ ವಾಹನಗಳಲ್ಲಿ ಫಾಸ್ಫೇಟೂ ಒಂದು. ಹಾರ್ಮೋನು ಆಮ್ಲತೆಯನ್ನು ಬದಲಿಸುತ್ತದೆ ಎಂಬುದು ಇದರಿಂದ ಸ್ಪಷ್ಟ. ಆಮ್ಲತೆಯು ಹಾರ್ಮೋನನ್ನು ಬದಲಿಸುವ ಬಗೆ ಹೇಗೆಂಬುದನ್ನು ಇನ್ನು ನೋಡಬಹುದು.

4. ಆಮ್ಲತೆಯು ಪ್ರಭಾವ ಬೀರುವ ಮೂರು ನೆಲೆಗಳು

(ಅ) ಕೋಶದ ಹೊರಮೈ. ಹೈಡ್ರೊಜನ್ ಅಯಾನು ತಾನೇ ಒಂದು ಸಂದೇಶವಾಗಿ ಕೆಲಸಮಾಡಬಲ್ಲುದು. ಹಾರ್ಮೋನುಗಳ ಗ್ರಾಹಕಗಳ ಕುಲಕ್ಕೇ ಸೇರಿದ ಜಿ.ಪಿ.ಆರ್.4 ಎಂಬ ಪ್ರೋಟೀನು ಹೊರಗಿನ ಆಮ್ಲತೆ ಏರಿದಾಗ ಚುರುಕಾಗಿ ಚಕ್ರೀಯ ಎ.ಎಂ.ಪಿ.ಯನ್ನು ಉಂಟುಮಾಡುವುದೆಂದು 2003ರಲ್ಲಿ ತಿಳಿದುಬಂದಿತು. ಈ ಪ್ರೋಟೀನಿಲ್ಲದ ಇಲಿಗಳ ಮೂತ್ರಪಿಂಡಗಳು ಆಮ್ಲವನ್ನು ಸಾಕಷ್ಟು ಹೊರಹಾಕಲಾರದೆ ಅವುಗಳ ರಕ್ತದಲ್ಲಿ ಅಲ್ಪ ಪ್ರಮಾಣದ ಆಮ್ಲಾಧಿಕ್ಯ ಉಂಟಾಗುವುದು 2010ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ಸಿದ್ಧವಾಯಿತು. ಇದಕ್ಕೆ ಪ್ರತಿಯಾಗಿ ಕ್ಷಾರವನ್ನು ಗುರುತಿಸುವ, ಇನ್ಸುಲಿನ್ ಗ್ರಾಹಕದ ಬಂಧುವಾದ ಮತ್ತೊಂದು ಪ್ರೋಟೀನು 2011ರಲ್ಲಿ ಬೆಳಕಿಗೆ ಬಂದಿತು. ಇದಲ್ಲದೆ, ದೀರ್ಘಕಾಲದ ಆಮ್ಲಾಧಿಕ್ಯದಲ್ಲಿ ಮೂತ್ರಪಿಂಡದೊಳಗೆ ಎಂಡೊಥಿಲಿನ್ ಹೆಚ್ಚಾಗಿ ತಯಾರಾಗಿ, ಹೈಡ್ರೊಜನ್ ಅಯಾನನ್ನು ಹೊರನೂಕುವ ವಿನಿಮಯಕಾರಿಯನ್ನು ಪ್ರಚೋದಿಸುತ್ತದೆ.

(ಆ) ಕೋಶರಸ. ಪ್ರೋಟೀನುಗಳ ಮೇಲಿನ ವಿದ್ಯುದಂಶವು ಆಮ್ಲತೆಯೊಡನೆ ಬದಲಾಗುವುದರಿಂದ ಕಿಣ್ವಗಳ ವೇಗವೂ ಪೊರೆಯ ಕಾಲುವೆಗಳ ತೆರೆತವೂ ಬದಲಾಗುತ್ತವೆ. ಇದಕ್ಕೆ ಒಳ್ಳೆಯ ನಿದರ್ಶನವೆಂದರೆ ಪೊಟ್ಯಾಸಿಯಮ್ಮನ್ನು ಮೂತ್ರಕ್ಕೆ ಬಿಡುವ ರೋಮ್ಕ್ ಎಂಬ ಕಾಲುವೆ. ಕೋಶರಸದ ಪಿ.ಎಚ್. 7ರ ಕೆಳಗಿಳಿದಂತೆ ಇದು ಮುಚ್ಚಿಕೊಳ್ಳುತ್ತದೆ. ಪೊಟ್ಯಾಸಿಯಮ್ಮನ್ನು ಹೊರಹಾಕಬೇಕೆಂದು ಆಲ್ಡೊಸ್ಟಿರೋನ್ ಆಜ್ಞಾಪಿಸುತ್ತಿದ್ದರೂ ಬಾಗಿಲೇ ಮುಚ್ಚಿರುವಾಗ ಆಜ್ಞೆ ಪೂರ್ಣವಾಗಿ ನಡೆಯಲಾರದು. ಆಮ್ಲಾಧಿಕ್ಯವು ಥಟ್ಟನೆ ತಲೆದೋರಿದಾಗ ರಕ್ತದಲ್ಲಿ ಪೊಟ್ಯಾಸಿಯಮ್ ಏರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಮತ್ತೊಂದು ನಿದರ್ಶನ, ಕೋಶರಸದಲ್ಲಿಯೇ ಇರುವ ‘ಕರಗುವ’ ಅಡಿನೈಲಿಲ್ ಸೈಕ್ಲೇಸ್. ಇದು ಯಾವ ಹಾರ್ಮೋನಿಗೂ ಕಾಯದೆ ಬೈಕಾರ್ಬೊನೇಟಿನಿಂದಲೇ ಪ್ರಚೋದಿತವಾಗುವುದೆಂದು 2000ದಲ್ಲಿ ಪ್ರಕಟವಾಯಿತು. ಮೂತ್ರಪಿಂಡದಲ್ಲಿ ಆಮ್ಲವನ್ನು ಸ್ರವಿಸುವ ಕೋಶಗಳಲ್ಲಿಯೂ ಇದು ಇದೆ. ಹಾರ್ಮೋನು ಯಾವ ದೂತನ ಮೂಲಕ ಮಾತನಾಡುತ್ತದೆಯೋ ಅದೇ ದೂತನ ಮೂಲಕ ಆಮ್ಲ-ಕ್ಷಾರಗಳ ಸ್ಥಿತಿಯೂ ಮಾತನಾಡುತ್ತದೆಂದಾಯಿತು.

ಇಡೀ ದೇಹದ ಮಟ್ಟದಲ್ಲಿಯೂ ಇದಕ್ಕೆ ಸಾಕ್ಷ್ಯವಿದೆ. ಪ್ರಾಣಿಗಳಲ್ಲಿ ಆಮ್ಲಾಧಿಕ್ಯವನ್ನು ಉಂಟುಮಾಡಿ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಕೊಟ್ಟಾಗ ಮೂತ್ರಪಿಂಡದ ಪ್ರತಿಕ್ರಿಯೆ ಕುಗ್ಗುವುದೆಂದೂ, ವಿಟಮಿನ್ ಡಿಯ ಕ್ರಿಯಾಶೀಲ ರೂಪದ ಉತ್ಪತ್ತಿ ಕುಂಠಿತವಾಗುವುದೆಂದೂ 1970ರ ದಶಕದ ಪ್ರಯೋಗಗಳು ತೋರಿಸಿದುವು.

(ಇ) ಎಂಡೊಸೋಮಿನ ಒಳಗು. ಮೂರು ನೆಲೆಗಳಲ್ಲಿ ಇತ್ತೀಚಿನದೂ ಅತ್ಯಂತ ಕುತೂಹಲಕಾರಿಯೂ ಆದ ತಿಳಿವಳಿಕೆ ಈ ನೆಲೆಗೆ ಸೇರಿದುದು. ಗ್ರಾಹಕವು ಕೋಶದ ಹೊರಮೈಯಲ್ಲಿರುವಾಗ ಮಾತ್ರ ಸಂದೇಶ ಕೊಡುತ್ತದೆ, ಒಳಗೆ ಸೆಳೆಯಲ್ಪಟ್ಟೊಡನೆ ಮೌನವಾಗುತ್ತದೆ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಈ ನಂಬಿಕೆಯನ್ನು ಪರೀಕ್ಷಿಸಲು ನೆರವಾದುದು ಮಾನವ ಭ್ರೂಣದ ಮೂತ್ರಪಿಂಡದಿಂದ 1973ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಸಿದ್ಧಪಡಿಸಿದ ಕೋಶವಂಶ. ಪ್ಯಾರಾಥೈರಾಯ್ಡ್ ಹಾರ್ಮೋನು ತನ್ನ ಗ್ರಾಹಕವನ್ನು ಬಿಡದೆ ಅದರೊಡನೆಯೇ ಎಂಡೊಸೋಮಿನೊಳಕ್ಕೆ ಹೋಗಿ, ಅಲ್ಲಿಂದಲೂ ಚಕ್ರೀಯ ಎ.ಎಂ.ಪಿ.ಯನ್ನು ಉಂಟುಮಾಡುತ್ತಲೇ ಇರುವುದೆಂದು ಇಂಥ ಕೋಶಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ಅದೇ ಗ್ರಾಹಕಕ್ಕೆ ಅಂಟುವ, ರಚನೆಯಲ್ಲಿ ಸಮೀಪದ ಮತ್ತೊಂದು ಹಾರ್ಮೋನು ಮಾತ್ರ ಹೊರಮೈಯಲ್ಲಿಯೇ ಕಳಚಿಕೊಂಡು ಅಲ್ಪಕಾಲದ ಸಂದೇಶವನ್ನಷ್ಟೇ ಕೊಡುತ್ತದೆ.

ಹಾಗಾದರೆ ಒಳಗೆ ಹೋದ ಸಂದೇಶವನ್ನು ನಿಲ್ಲಿಸುವವರು ಯಾರು? ಇದಕ್ಕೆ ಉತ್ತರ 2014ರಲ್ಲಿ, ಪಿಟ್ಸ್‌ಬರ್ಗಿನ ವಿಲರ್ದಾಗಾ ಮತ್ತು ಅವರ ಸಂಗಡಿಗರಿಂದ ದೊರೆಯಿತು. ಎಂಡೊಸೋಮಿನ ಪೊರೆಯಲ್ಲಿ ಎ.ಟಿ.ಪಿ.ಯ ಶಕ್ತಿಯಿಂದ ಹೈಡ್ರೊಜನ್ ಅಯಾನುಗಳನ್ನು ಒಳಕ್ಕೆ ತುಂಬುವ ಒಂದು ಪಂಪು ಇದೆ. ಚಕ್ರೀಯ ಎ.ಎಂ.ಪಿ. ಹೆಚ್ಚಿದಾಗ ಅದರಿಂದ ಪ್ರಚೋದಿತವಾದ ಕಿಣ್ವವೇ ಈ ಪಂಪನ್ನು ಚುರುಕುಗೊಳಿಸುತ್ತದೆ. ಎಂಡೊಸೋಮಿನ ಒಳಗು ಆಮ್ಲಮಯವಾಗುತ್ತದೆ, ಆ ಆಮ್ಲದಲ್ಲಿ ಹಾರ್ಮೋನು ಗ್ರಾಹಕದಿಂದ ಕಳಚಿಕೊಳ್ಳುತ್ತದೆ, ಸಂದೇಶ ನಿಲ್ಲುತ್ತದೆ. ಪಂಪನ್ನು ಔಷಧದಿಂದ ತಡೆದರೆ ಸಂದೇಶವು ನಿಲ್ಲಬೇಕಾದ ಹೊತ್ತಿಗೆ ನಿಲ್ಲದೆ ಮುಂದುವರಿಯುತ್ತದೆ. ಸಂದೇಶವು ತನ್ನ ಅಂತ್ಯಕ್ಕೆ ಬೇಕಾದ ಆಮ್ಲವನ್ನು ತಾನೇ ಒದಗಿಸಿಕೊಳ್ಳುವ ಈ ಏರ್ಪಾಟು ಮರುಪ್ರಭಾವದ ನಿಯಂತ್ರಣಕ್ಕೆ ಸುಂದರವಾದ ಉದಾಹರಣೆ. ಮೇಲೆ ಹೇಳಿದ ಕೋಶವಂಶವು ಪ್ರಯೋಗಶಾಲೆಯ ಸಾಧನವೇ ಹೊರತು ಮೂತ್ರನಾಳದ ನಿಜವಾದ ಕೋಶಕ್ಕೆ ಸರಿಸಮವಲ್ಲವೆಂಬ ಎಚ್ಚರಿಕೆ ಇಲ್ಲಿ ಅವಶ್ಯಕ.

ಎಂಡೊಸೋಮಿನ ಆಮ್ಲತೆ ಕೆಟ್ಟರೆ ಮನುಷ್ಯನಿಗೆ ಏನಾಗುವುದೆಂಬುದನ್ನು ಡೆಂಟ್ ರೋಗ ತೋರಿಸುತ್ತದೆ. 1964ರಲ್ಲಿ ಲಂಡನ್ನಿನ ಡೆಂಟ್ ಮತ್ತು ಫ್ರೀಡ್ಮನ್ ವರ್ಣಿಸಿದ ಈ ಆನುವಂಶಿಕ ರೋಗದಲ್ಲಿ ಮೂತ್ರದಲ್ಲಿ ಸಣ್ಣ ಪ್ರೋಟೀನುಗಳೂ ಕ್ಯಾಲ್ಸಿಯಮ್ಮೂ ಹೋಗಿ ಕಲ್ಲುಗಳು ಉಂಟಾಗುತ್ತವೆ. ಬಹುಪಾಲು ರೋಗಿಗಳಲ್ಲಿ ಇದರ ಮೂಲವು ಎಂಡೊಸೋಮಿನ ಆಮ್ಲೀಕರಣಕ್ಕೆ ನೆರವಾಗುವ, ಕ್ಲೋರೈಡನ್ನು ಸಾಗಿಸುವ ಒಂದು ಪ್ರೋಟೀನಿನ ದೋಷವೆಂದು 1996ರಲ್ಲಿ ತಿಳಿಯಿತು. ಇದೇ ಪ್ರೋಟೀನನ್ನು ಕಳೆದುಕೊಂಡ ಇಲಿಗಳಲ್ಲಿ ಸೋಸಿ ಬಂದ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ನಾಳದ ಕೋಶಗಳು ಒಳಗೆ ಸೆಳೆದು ಅರಗಿಸಲಾರವು. ಹಾರ್ಮೋನು ನಾಳದ ದ್ರವದಲ್ಲಿಯೇ ಉಳಿದು ಮುಂದಿನ ಕೋಶಗಳ ಗ್ರಾಹಕಗಳನ್ನು ಅತಿಯಾಗಿ ಪ್ರಚೋದಿಸುವುದರಿಂದ ಫಾಸ್ಫೇಟ್ ವೃಥಾ ಹೊರಹೋಗುತ್ತದೆ. ರಕ್ತದಲ್ಲಿ ಹಾರ್ಮೋನಿನ ಪ್ರಮಾಣವನ್ನು ಮಾತ್ರ ಅಳೆದು ಮೂತ್ರಪಿಂಡದ ಸ್ಥಿತಿಯನ್ನು ತೀರ್ಮಾನಿಸಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

5. ಫ್ಲೋರೈಡ್ ಮತ್ತು ಮೂತ್ರದ ಆಮ್ಲತೆ

ಭಾರತದಲ್ಲಿ ಫ್ಲೋರೈಡಿನಿಂದ ಎಲುಬು ಕೆಡುವ ರೋಗವನ್ನು ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿಮಾಡಿದರು. ದೇಹದೊಳಗೆ ಹೀರಲ್ಪಟ್ಟ ಫ್ಲೋರೈಡಿನಲ್ಲಿ ವಯಸ್ಕರ ಮೂತ್ರಪಿಂಡಗಳು ಸುಮಾರು ಅರ್ಧವನ್ನು ಹೊರಹಾಕುತ್ತವೆ. ಉಳಿದುದು ಎಲುಬನ್ನು ಸೇರುತ್ತದೆ. ಬೆಳೆಯುವ ಮಕ್ಕಳಲ್ಲಿ ಎಲುಬಿನ ಪಾಲು ಇನ್ನೂ ಹೆಚ್ಚು.

ಈ ‘ಅರ್ಧ’ ಎಂಬುದು ಸ್ಥಿರವಾದ ಅಂಕಿಯಲ್ಲ. ಅದನ್ನು ಬದಲಿಸುವ ಮುಖ್ಯ ಅಂಶ ಮೂತ್ರದ ಆಮ್ಲತೆ. ಇದರ ರಸಾಯನವು ಪದವಿ ತರಗತಿಯ ವಿದ್ಯಾರ್ಥಿಗೂ ಸುಲಭವಾದುದು. ಫ್ಲೋರೈಡ್ ಅಯಾನು ಹೈಡ್ರೊಜನ್ ಅಯಾನಿನೊಡನೆ ಕೂಡಿದರೆ ಹೈಡ್ರೊಫ್ಲೋರಿಕ್ ಆಮ್ಲವಾಗುತ್ತದೆ. ಇದು ದುರ್ಬಲ ಆಮ್ಲ, ಇದರ ಪಿ.ಕೆ. ಸುಮಾರು 3.2. ವಿದ್ಯುದಂಶವುಳ್ಳ ಫ್ಲೋರೈಡ್ ಅಯಾನು ಕೋಶದ ಪೊರೆಯನ್ನು ದಾಟಲಾರದು. ವಿದ್ಯುದಂಶವಿಲ್ಲದ ಹೈಡ್ರೊಫ್ಲೋರಿಕ್ ಅಣು ಸುಲಭವಾಗಿ ದಾಟುತ್ತದೆ. ಮೂತ್ರದ ಪಿ.ಎಚ್. 7 ಇರುವಾಗ ಸುಮಾರು 6,300 ಫ್ಲೋರೈಡ್ ಅಯಾನುಗಳಿಗೆ ಒಂದು ಅಣು ಈ ರೂಪದಲ್ಲಿರುತ್ತದೆ, ಪಿ.ಎಚ್. 6ರಲ್ಲಿ ಸುಮಾರು 630ಕ್ಕೆ ಒಂದು, ಪಿ.ಎಚ್. 5ರಲ್ಲಿ ಸುಮಾರು 63ಕ್ಕೆ ಒಂದು. ಮೂತ್ರವು ಆಮ್ಲವಾದಷ್ಟೂ ನಾಳದಿಂದ ಫ್ಲೋರೈಡ್ ಮರಳಿ ಕೋಶಗಳನ್ನೂ ರಕ್ತವನ್ನೂ ಸೇರುತ್ತದೆ. ಅಲ್ಲಿ ಪಿ.ಎಚ್. ಹೆಚ್ಚಾಗಿರುವುದರಿಂದ ಅದು ತಿರುಗಿ ಅಯಾನಾಗಿ ಉಳಿದುಬಿಡುತ್ತದೆ. ಮೂತ್ರಪಿಂಡವು ಫ್ಲೋರೈಡನ್ನು ಹೊರಹಾಕುವ ವೇಗವು ಮೂತ್ರದ ಪಿ.ಎಚ್.ಗೆ ಅಧೀನವೆಂಬುದನ್ನು ವಿಟ್‌ಫರ್ಡ್ ಮತ್ತು ಸಂಗಡಿಗರು 1976ರಲ್ಲಿ ಪ್ರಯೋಗದಿಂದ ಸ್ಥಾಪಿಸಿದರು.

6. ಫ್ಲೋರೈಡ್ ಮತ್ತು ಹಾರ್ಮೋನಿನ ಸಂದೇಶ

ಇಲ್ಲಿ ಒಂದು ಐತಿಹಾಸಿಕ ಸಂಗತಿಯನ್ನು ಹೇಳಬೇಕು. ಹಾರ್ಮೋನಿಲ್ಲದೆಯೇ ಫ್ಲೋರೈಡ್ ಅಡಿನೈಲಿಲ್ ಸೈಕ್ಲೇಸನ್ನು ಪ್ರಚೋದಿಸುವುದೆಂಬುದನ್ನು ಸದರ್ಲೆಂಡನ ಪ್ರಯೋಗಶಾಲೆಯೇ 1958ರಲ್ಲಿ ಗಮನಿಸಿತ್ತು. ಇದಕ್ಕೆ ಅಲ್ಪ ಪ್ರಮಾಣದ ಅಲ್ಯೂಮಿನಿಯಮ್ ಅವಶ್ಯವೆಂದು ಸ್ಟರ್ನ್‌ವೈಸ್ ಮತ್ತು ಗಿಲ್ಮನ್ 1982ರಲ್ಲಿ ತೋರಿಸಿದರು. ಇವೆರಡರ ಸಂಯುಕ್ತವು ಜಿ-ಪ್ರೋಟೀನಿನಲ್ಲಿ ಫಾಸ್ಫೇಟಿನ ಸ್ಥಾನವನ್ನು ಆಕ್ರಮಿಸಿ ಅದನ್ನು ಚುರುಕಾಗಿ ನಿಲ್ಲಿಸಿಬಿಡುತ್ತದೆ. ಇದನ್ನು ಓದಿದವರು ರಾಯಚೂರಿನ ನೀರು ಹಾರ್ಮೋನುಗಳನ್ನು ಅಣಕಿಸುವುದೆಂದು ಅವಸರದ ತೀರ್ಮಾನಕ್ಕೆ ಬರಬಾರದು. ಪ್ರನಾಳದಲ್ಲಿ ಈ ಪರಿಣಾಮ ಕಾಣಬೇಕಾದರೆ ಮಿಲಿಮೋಲ್ ಮಟ್ಟದ ಫ್ಲೋರೈಡ್ ಬೇಕು. ಲೀಟರಿಗೆ 1.5 ಮಿಲಿಗ್ರಾಮ್ ಎಂದರೆ 79 ಮೈಕ್ರೊಮೋಲ್ ಮಾತ್ರ. ರಕ್ತದಲ್ಲಿ ಇರುವುದು ಅದಕ್ಕಿಂತಲೂ ಬಹಳ ಕಡಮೆ.

ಆದರೆ ಹಾರ್ಮೋನಿನ ಆಜ್ಞೆಯನ್ನು ಮೂತ್ರಪಿಂಡವು ಪಾಲಿಸದಂತಾಗುವ ಒಂದು ನಿಜವಾದ ಘಟನೆಯನ್ನು ವೈದ್ಯಶಾಸ್ತ್ರ ಬಲ್ಲುದು. 1960ರ ದಶಕದಲ್ಲಿ ಬಳಕೆಯಲ್ಲಿದ್ದ ಮಿಥಾಕ್ಸಿಫ್ಲೂರೇನ್ ಎಂಬ ಅರಿವಳಿಕೆಯು ದೇಹದಲ್ಲಿ ಒಡೆದು ಫ್ಲೋರೈಡನ್ನು ಬಿಡುತ್ತಿತ್ತು. ರಕ್ತದಲ್ಲಿ ಅದು ಲೀಟರಿಗೆ 50 ಮೈಕ್ರೊಮೋಲನ್ನು ದಾಟಿದ ರೋಗಿಗಳಲ್ಲಿ ಮೂತ್ರವು ಅತಿಯಾಗಿ ಹೋಗತೊಡಗಿ, ವ್ಯಾಸೊಪ್ರೆಸಿನ್ ಕೊಟ್ಟರೂ ಕಡಮೆಯಾಗಲಿಲ್ಲ. ಅಷ್ಟೇ ಫ್ಲೋರೈಡನ್ನು ಬಿಡುವ ಬೇರೆ ಅರಿವಳಿಕೆಗಳಿಂದ ಇಂಥ ಹಾನಿ ಕಾಣದಿರುವುದರಿಂದ, ರಕ್ತದ ಪ್ರಮಾಣಕ್ಕಿಂತ ಮೂತ್ರಪಿಂಡದೊಳಗೇ ಬಿಡುಗಡೆಯಾಗುವ ಫ್ಲೋರೈಡ್ ಮುಖ್ಯವೆಂಬ ಅಭಿಪ್ರಾಯ ಅನಂತರ ಬೆಳೆಯಿತು.

ಹಳ್ಳಿಯ ನೀರಿಗೆ ಹೆಚ್ಚು ಹತ್ತಿರವಾದ ಸಾಕ್ಷ್ಯವು ಪ್ಯಾರಾಥೈರಾಯ್ಡ್ ಹಾರ್ಮೋನಿಗೆ ಸಂಬಂಧಿಸಿದುದು. ಫ್ಲೋರೈಡಿನಿಂದ ಎಲುಬು ಕೆಟ್ಟ ಉತ್ತರ ಭಾರತದ ರೋಗಿಗಳಲ್ಲಿ ಈ ಹಾರ್ಮೋನು ಅಧಿಕವಾಗಿರುವುದು 1973ರಲ್ಲಿ ವರದಿಯಾಯಿತು. ಫ್ಲೋರೈಡ್ ಸೇರಿದ ಎಲುಬು ಕ್ಯಾಲ್ಸಿಯಮ್ಮನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆಹಾರದಲ್ಲಿಯೂ ಕ್ಯಾಲ್ಸಿಯಮ್ ಕಡಮೆಯಾದರೆ ಗ್ರಂಥಿಯು ಹೆಚ್ಚು ಸ್ರವಿಸಲೇಬೇಕಾಗುತ್ತದೆ. ಅದೇ ವರ್ಷ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಫ್ಲೋರೈಡ್ ಪ್ರದೇಶದ ತರುಣರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವ ವಿಕಾರವನ್ನು ವರ್ಣಿಸಿದರು.

ಈಗ ಹಿಂದಿನ ವಿಭಾಗಗಳನ್ನು ಇದರೊಡನೆ ಜೋಡಿಸಿ ನೋಡಬಹುದು. ಫ್ಲೋರೈಡ್ ಹೆಚ್ಚಿದಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚುತ್ತದೆ. ದೇಹದಲ್ಲಿ ಆಮ್ಲ ಹೆಚ್ಚಿದಲ್ಲಿ ಒಂದು ಕಡೆ ಫ್ಲೋರೈಡ್ ಹೊರಹೋಗುವುದು ಕುಗ್ಗುತ್ತದೆ, ಇನ್ನೊಂದು ಕಡೆ ಅದೇ ಹಾರ್ಮೋನಿಗೆ ಮೂತ್ರಪಿಂಡವು ಕೊಡುವ ಉತ್ತರವೂ ವಿಟಮಿನ್ ಡಿಯ ಸಿದ್ಧತೆಯೂ ಕುಗ್ಗುತ್ತವೆ. ಆಮ್ಲಾಧಿಕ್ಯ ಬಹುಕಾಲ ನಿಂತರೆ ಅದನ್ನು ತಗ್ಗಿಸಲು ಎಲುಬು ತನ್ನ ಕ್ಷಾರವನ್ನೂ ಅದರೊಡನೆ ಕ್ಯಾಲ್ಸಿಯಮ್ಮನ್ನೂ ಬಿಟ್ಟುಕೊಡಬೇಕಾಗುತ್ತದೆ. ಹೀಗೆ ಮೂರು ಕಡೆಗಳಿಂದ ಹೊರೆ ಬೀಳುವುದು ಒಂದೇ ಎಲುಬಿನ ಮೇಲೆ.

7. ನಮ್ಮ ಜಿಲ್ಲೆಯ ಸಂದರ್ಭ

ಬೇಸಗೆಯ ದುಡಿಮೆಯಲ್ಲಿ ಬೆವರು ಹೋಗಿ ದೇಹದ ನೀರು ಕಡಮೆಯಾದಾಗ ವ್ಯಾಸೊಪ್ರೆಸಿನ್ ಹೆಚ್ಚಿ ಮೂತ್ರವು ಗಟ್ಟಿಯಾಗುತ್ತದೆ. ಮೂತ್ರವು ಅಲ್ಪವೂ ಆಮ್ಲವೂ ಆಗಿದ್ದರೆ ಅದರೊಳಗಿನ ಫ್ಲೋರೈಡಿನ ಸಾರತೆ ಹೆಚ್ಚಾಗಿಯೂ, ಪೊರೆಯನ್ನು ದಾಟಬಲ್ಲ ರೂಪದಲ್ಲಿ ಇರುವ ಭಾಗ ಹೆಚ್ಚಾಗಿಯೂ ಇರುತ್ತದೆ. ಯೂರಿಕ್ ಆಮ್ಲದ ಕಲ್ಲುಗಳಿಗೂ ಇದೇ ಅನುಕೂಲ ಸನ್ನಿವೇಶ.

ಆಹಾರದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಜೋಳ, ಅಕ್ಕಿ, ಬೇಳೆಗಳು ದಹಿಸಿದಾಗ ದೇಹದಲ್ಲಿ ಆಮ್ಲಶೇಷ ಉಳಿಯುತ್ತದೆ. ಸೊಪ್ಪು, ತರಕಾರಿ, ಹಣ್ಣುಗಳಲ್ಲಿರುವ ಸಿಟ್ರೇಟ್, ಮ್ಯಾಲೇಟ್ ಲವಣಗಳು ದಹಿಸಿ ಬೈಕಾರ್ಬೊನೇಟಾಗುವುದರಿಂದ ಕ್ಷಾರಶೇಷ ಉಳಿಯುತ್ತದೆ. ನಾಲಗೆಗೆ ಹುಳಿಯಾದುದೆಲ್ಲ ದೇಹದಲ್ಲಿ ಆಮ್ಲವಾಗಿ ಉಳಿಯುವುದಿಲ್ಲ ಎಂಬುದನ್ನು ತರಗತಿಯಲ್ಲಿ ಒತ್ತಿ ಹೇಳಬೇಕು. ರೊಟ್ಟಿಯೊಡನೆ ಪಲ್ಯ ಸಾಕಷ್ಟು ಇರುವ ಊಟಕ್ಕೂ, ರೊಟ್ಟಿ ಮತ್ತು ಖಾರದಲ್ಲಿಯೇ ಮುಗಿಯುವ ಊಟಕ್ಕೂ ಈ ದೃಷ್ಟಿಯಿಂದ ವ್ಯತ್ಯಾಸವಿದೆ. ಮತ್ತು ಆ ವ್ಯತ್ಯಾಸ ಬಹುಮಟ್ಟಿಗೆ ಮನೆಯ ಆದಾಯವನ್ನು ಅವಲಂಬಿಸಿದುದು. ಜೋಳದ ಆಹಾರದಲ್ಲಿ ಅಕ್ಕಿಯ ಆಹಾರಕ್ಕಿಂತ ಹೆಚ್ಚು ಫ್ಲೋರೈಡ್ ದೇಹದಲ್ಲಿ ಉಳಿಯುವುದೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯ 1977ರ ಅಧ್ಯಯನವು ತೋರಿಸಿತು. ಹುಣಸೆಯನ್ನು ಕೊಟ್ಟಾಗ ಶಾಲಾಬಾಲಕರ ಮೂತ್ರದಲ್ಲಿ ಹೋಗುವ ಫ್ಲೋರೈಡ್ ಹೆಚ್ಚಿತೆಂದು ಅದೇ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಜೋಳವೂ ಹುಣಸೆಯೂ ಪ್ರತಿದಿನದ ಊಟದಲ್ಲಿರುವ ನಮ್ಮ ಸೀಮೆಗೆ ಈ ಎರಡು ಅಧ್ಯಯನಗಳೂ ನೇರವಾಗಿ ಸಂಬಂಧಿಸಿವೆ.

ಇಷ್ಟರಿಂದ ಅಡುಗೆಸೋಡವನ್ನು ಕುಡಿದರೆ ಫ್ಲೋರೈಡಿನ ಬಾಧೆ ತಪ್ಪುವುದೆಂದು ಯಾರೂ ಭಾವಿಸಬಾರದು. ಅದರಲ್ಲಿರುವ ಸೋಡಿಯಮ್ ರಕ್ತದೊತ್ತಡವುಳ್ಳವರಿಗೂ ಹೃದಯರೋಗಿಗಳಿಗೂ ಅಪಾಯಕರ. ದೀರ್ಘಕಾಲದ ಮೂತ್ರಪಿಂಡರೋಗದಲ್ಲಿ ವೈದ್ಯರು ಬೈಕಾರ್ಬೊನೇಟ್ ಕೊಡುವುದುಂಟು. ಅದರಿಂದ ರೋಗದ ಗತಿ ನಿಧಾನವಾಯಿತೆಂದು ಲಂಡನ್ನಿನಲ್ಲಿ 134 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ವೃದ್ಧ ರೋಗಿಗಳಲ್ಲಿ ಪ್ರಯೋಜನ ಕಾಣಲಿಲ್ಲವೆಂದು 2020ರಲ್ಲಿ ಬ್ರಿಟನ್ನಿನ ಮತ್ತೊಂದು ಅಧ್ಯಯನ ಹೇಳಿತು. ತಜ್ಞರಿಗೇ ಇಷ್ಟು ಎಚ್ಚರಿಕೆ ಬೇಕಾದಲ್ಲಿ ಸ್ವಯಂಚಿಕಿತ್ಸೆಗೆ ಎಡೆಯಿಲ್ಲ. ಮೂಲ ಪರಿಹಾರವು ನೀರಿನಲ್ಲಿಯೇ ಇದೆ. ಫ್ಲೋರೈಡ್ ಕಡಮೆಯಿರುವ ನದಿಯ ನೀರನ್ನು ಶುದ್ಧೀಕರಿಸಿ ಹಳ್ಳಿಗಳಿಗೆ ಮುಟ್ಟಿಸುವುದು, ಅದಾಗದೆಡೆ ಕುಡಿಯುವ ನೀರಿನ ಫ್ಲೋರೈಡನ್ನು ತೆಗೆಯುವುದು, ಆಹಾರದಲ್ಲಿ ಕ್ಯಾಲ್ಸಿಯಮ್ಮನ್ನು ಹೆಚ್ಚಿಸುವುದು: ಇವೇ ಸುಸ್ಥಾಪಿತವಾದ ಮಾರ್ಗಗಳು.

8. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಸೂಚನೆ

ನೀರಿನ ಫ್ಲೋರೈಡನ್ನು ಅಳೆದ ವರದಿಗಳು ಅನೇಕ ಇವೆ. ಅವುಗಳ ಜೊತೆಗೆ, ಅದೇ ನೀರನ್ನು ಕುಡಿಯುವವರ ಮೂತ್ರದ ಪಿ.ಎಚ್., ಮೂತ್ರದ ಫ್ಲೋರೈಡ್ ಮತ್ತು ಆಹಾರದ ವಿವರ ಈ ಮೂರನ್ನೂ ಒಟ್ಟಿಗೆ ಪಡೆದರೆ ಆ ಅಂಕಿಗಳ ಅರ್ಥ ಹೆಚ್ಚು ಸ್ಪಷ್ಟವಾಗುವುದು. ಒಂದೇ ಬಾವಿಯ ನೀರನ್ನು ಕುಡಿಯುವ ಎರಡು ಮನೆಗಳಲ್ಲಿ ಬಾಧೆ ಏಕೆ ಭಿನ್ನವಾಗಿರಬಹುದೆಂಬುದನ್ನು ಬಾವಿಯ ನೀರಿನ ಪರೀಕ್ಷೆ ಮಾತ್ರ ತಿಳಿಸಲಾರದು. ಪಿ.ಎಚ್. ಮಾಪಕವೂ ಫ್ಲೋರೈಡ್ ವಿದ್ಯುದ್ವಾರವೂ ಸ್ನಾತಕೋತ್ತರ ಪ್ರಯೋಗಶಾಲೆಯ ಶಕ್ತಿಗೆ ಮೀರಿದುವಲ್ಲ. ಮೂತ್ರದ ಪಿ.ಎಚ್. ಹೊತ್ತಿನಿಂದ ಹೊತ್ತಿಗೆ ಬದಲಾಗುವುದರಿಂದ ಇಡೀ ದಿನದ ಸಂಗ್ರಹವನ್ನು, ಅಥವಾ ಕಡೆಯಪಕ್ಷ ನಿಶ್ಚಿತ ವೇಳೆಯ ಮಾದರಿಯನ್ನು ತೆಗೆದುಕೊಳ್ಳಬೇಕು. ಮಾದರಿ ಕೊಡುವವರ ಒಪ್ಪಿಗೆಯನ್ನೂ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯನ್ನೂ ಮೊದಲೇ ಪಡೆಯಬೇಕು. ತೀವ್ರ ತೊಂದರೆಯುಳ್ಳವರು ಕಂಡುಬಂದರೆ ಅವರನ್ನು ವೈದ್ಯರ ಬಳಿಗೆ ಕಳಿಸುವ ಏರ್ಪಾಟಿರಬೇಕು. ಮೂತ್ರದ ಪಿ.ಎಚ್. ಕೋಶದೊಳಗಿನ ಪಿ.ಎಚ್. ಅಲ್ಲ, ರಕ್ತದ ಪಿ.ಎಚ್. ಕೂಡ ಅಲ್ಲ ಎಂಬುದನ್ನು ಬರೆಯುವಾಗ ಮರೆಯಬಾರದು.

ಜೀವರಸಾಯನದ ಪಾಠದಲ್ಲಿ ಗ್ರಾಹಕ, ಜಿ-ಪ್ರೋಟೀನು, ಚಕ್ರೀಯ ಎ.ಎಂ.ಪಿ. ಎಂಬ ಸರಣಿಯನ್ನು ಒಂದು ದಿನವೂ, ಆಮ್ಲ-ಕ್ಷಾರಗಳ ಸಮತೋಲವನ್ನು ಮತ್ತೊಂದು ದಿನವೂ, ನೀರಿನ ರಸಾಯನವನ್ನು ಬೇರೊಂದು ವಿಭಾಗದಲ್ಲಿಯೂ ಬೋಧಿಸುವುದು ರೂಢಿ. ಮೂತ್ರಪಿಂಡದ ಒಂದು ಕೋಶದಲ್ಲಿ ಇವು ಮೂರೂ ಏಕಕಾಲದಲ್ಲಿ ನಡೆಯುತ್ತವೆ. ಮಾನ್ವಿ ಅಥವಾ ದೇವದುರ್ಗದಿಂದ ಬಂದ ವಿದ್ಯಾರ್ಥಿಗೆ ತನ್ನ ಊರಿನ ಕೊಳವೆಬಾವಿಯ ಉದಾಹರಣೆಯಿಂದಲೇ ಈ ಮೂರು ಪಾಠಗಳನ್ನು ಒಟ್ಟುಗೂಡಿಸಿ ಕಲಿಸಲು ಸಾಧ್ಯವಿದೆ.